500 ಮೀಟರು ಅಂದರೆ ಎಷ್ಟು ದೂರ?

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳು ಒಟ್ಟು 17. ನನ್ನ ಪಾಲಿಗೆ ಬಂದದ್ದು 11ನೆಯದು, ನಗರಗಳದ್ದು. ಅದರಲ್ಲೂ ಒಂದೇ ಸೂಚಕ, 11.2.1. ಎಷ್ಟು ಜನಕ್ಕೆ ಸಾರ್ವಜನಿಕ ಸಾರಿಗೆ ಹತ್ತಿರದಲ್ಲಿದೆ? ಬಸ್ ನಿಲ್ದಾಣವಾದರೆ 500 ಮೀಟರಿನೊಳಗೆ, ರೈಲಾದರೆ 1 ಕಿಲೋಮೀಟರಿನೊಳಗೆ ಇರಬೇಕು. ಮೈಸೂರಿನ 65 ವಾರ್ಡುಗಳ ಲೆಕ್ಕಕ್ಕೆ ಒಂದು ವಾರ ಸಾಕು ಅಂದುಕೊಂಡೆ.

ಎಲ್ಲರಿಗೂ ತೆರೆದಿರುವ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ನಿಲ್ದಾಣಗಳನ್ನು ಇಳಿಸಿಕೊಂಡು, ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಒಂದೊಂದರ ಸುತ್ತಲೂ 500 ಮೀಟರಿನ ವೃತ್ತ ಎಳೆದೆ. ವೃತ್ತದೊಳಗಿನ ಜಾಗಕ್ಕೆ ಹಸಿರು ಬಳಿದೆ. ನಕ್ಷೆ ತುಂಬಾ ಹಸಿರು. ಖುಷಿಯೋ ಖುಷಿ.

ಒಂದು ಸಲ ನೋಡಿಬರೋಣ ಅಂತ ರಿಂಗ್ ರೋಡಿನ ಹತ್ತಿರದ ಬಡಾವಣೆಗೆ ಹೋದೆ. ಸೊಪ್ಪಿನ ಮಂಕರಿ ಇಳಿಸಿ ಕೂತಿದ್ದ ಅಜ್ಜಿಯನ್ನು ಬಸ್ಸಿಗೆ ಎಲ್ಲಿ ನಿಲ್ತೀರಿ ಅಂತ ಕೇಳಿದೆ. ಎದುರಿನ ಕಾಂಪೌಂಡ್ ಗೋಡೆ ತೋರಿಸಿದರು. "ಅದರಾಚೆಗೇ ಐತೆ ಕಣಪ್ಪ ಸ್ಟಾಪು. ಹಾರಿ ಹೋಗೋಕೆ ನಂಗೇನು ರೆಕ್ಕೆ ಐತಾ? ಸುತ್ಕಂಡೇ ಹೋಗ್ಬೇಕು." ಮಂಕರಿಗೊಂದು ಕೈ ಕೊಟ್ಟು ನಾನೂ ಸುತ್ತಿದೆ. ಫೋನಿನ ಲೆಕ್ಕ ಒಂದು ಕಿಲೋಮೀಟರ್ ದಾಟಿತು. ಬಸ್ಸು ಬರೋದೋ ಬೆಳಿಗ್ಗೆ ಎರಡು, ಸಂಜೆ ಒಂದು. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ಕಾಸಿಲ್ಲ. ಆದರೂ ಅಜ್ಜಿ ಆಟೋಗೆ ದುಡ್ಡು ಕೊಡುತ್ತಿದ್ದರು.

ತಪ್ಪು ನನ್ನದೇ. ನಡೆದುಹೋಗುವ ದಾರಿಯ ದೂರವನ್ನೇ ಅಳೆಯಿರಿ ಅಂತ ನಗರಗಳ ವಿಚಾರ ನೋಡುವ ವಿಶ್ವಸಂಸ್ಥೆಯ ಅಂಗ ಯುಎನ್-ಹ್ಯಾಬಿಟಾಟ್ ಹೇಳಿದೆ. ನಾನು ಅವಸರಕ್ಕೆ ವೃತ್ತ ಎಳೆದಿದ್ದೆ. ರಸ್ತೆ ಹಿಡಿದು ಮತ್ತೆ ಲೆಕ್ಕ ಹಾಕಿದಾಗ ದುಂಡಗಿದ್ದ ವೃತ್ತಗಳು ಜೇಡನ ಕಾಲಿನಂತೆ ಸೊರಗಿದವು. ಗಲ್ಲಿಗೆ ಗಲ್ಲಿ ಕೂಡುವ ಹಳೇ ಮೊಹಲ್ಲಾಗಳಲ್ಲಿ ಹಸಿರು ಅಷ್ಟೇನೂ ಇಳಿಯಲಿಲ್ಲ. ಗೇಟು ಹಾಕಿಕೊಂಡ ಹೊಸ ಬಡಾವಣೆಗಳಲ್ಲಿ ಕರಗಿಹೋಯಿತು.

ಆಮೇಲೆ ಛೇದದ ತಲೆನೋವು. ಒಟ್ಟು ಎಷ್ಟು ಜನರಲ್ಲಿ? ಕೈಯಲ್ಲಿದ್ದದ್ದು 2011ರ ಜನಗಣತಿ. ಆಗ ಅಜ್ಜಿಯ ಬೀದಿಯಲ್ಲಿ ಹುರುಳಿ ಬೆಳೆಯುತ್ತಿದ್ದರಂತೆ. ಉಪಗ್ರಹ ಚಿತ್ರದಲ್ಲಿ ಚಾವಣಿ ಎಣಿಸಿ, ಮನೆಗಿಷ್ಟು ಜನ ಅಂತ ಗುಣಿಸಿದೆ. ಮೂರಂತಸ್ತಿನ ಪಿಜಿಗೂ ಒಂದೇ ಚಾವಣಿ, ಕಾರು ನಿಲ್ಲಿಸುವ ಶೆಡ್ಡಿಗೂ ಒಂದೇ! ಈ ಭಾಗದ ಅಂಕಿಯನ್ನು ನಾನೇ ಪೂರ್ತಿ ನಂಬುವುದಿಲ್ಲ, ವರದಿಯಲ್ಲೂ ಹಾಗೇ ಬರೆದೆ.

ನೀತಿ ಆಯೋಗ 2021ರಲ್ಲಿ ಇದೇ ಗುರಿಗಳ ಮೇಲೆ 56 ನಗರಗಳಿಗೆ ಸೂಚ್ಯಂಕ ಕೊಟ್ಟಾಗ ಶಿಮ್ಲಾ ಮೊದಲು, ಧನಬಾದ್ ಕೊನೆ. ಊರಿಗೊಂದು ಅಂಕ ಪೈಪೋಟಿಗೆ ಚೆನ್ನ. ಯಾವ ಗೋಡೆಗೆ ಬಾಗಿಲು ಇಡಿಸಬೇಕು ಅನ್ನುವುದು ಅದರಲ್ಲಿ ಸಿಗುವುದಿಲ್ಲ. ಹಾಗಾಗಿ ವಾರ್ಡುವಾರು ಪಟ್ಟಿಯನ್ನೇ ಉಳಿಸಿಕೊಂಡು, ದೂರದ ಪಕ್ಕ 'ದಿನಕ್ಕೆ ಎಷ್ಟು ಬಸ್' ಅಂತ, ಯಾರೂ ಕೇಳದ ಒಂದು ಕಾಲಂ ಸೇರಿಸಿದೆ. ಅಜ್ಜಿಯ ಸ್ಟಾಪಿನ ಎದುರು 3 ಅಂತಿದೆ.