ಬಿ-ಸ್ಕೂಲಿನ ಹೆಸರು ಮುಚ್ಚಿಟ್ಟು ನೇಮಕ ಮಾಡಿದ ನನ್ನ ಅನುಭವ

ಅರ್ಜಿದಾರರು ಓದಿದ ಬಿ-ಸ್ಕೂಲು, ಅಂದರೆ ಮ್ಯಾನೇಜ್‌ಮೆಂಟ್ ಶಾಲೆ, ಯಾವುದೆಂದು ನೋಡದೆ ಎಂ.ಬಿ.ಎ. ಪದವೀಧರರನ್ನು ಆಯ್ಕೆ ಮಾಡುತ್ತೇನೆ ಎಂದಾಗ, ನಮ್ಮ ಹಣಕಾಸು ಮುಖ್ಯಸ್ಥರು, ‘ಪ್ರವೇಶ ಪರೀಕ್ಷೆಯಲ್ಲಿ ಆ ಶಾಲೆಗಳವರೇ ಸೋಸಿ ಕೊಟ್ಟದ್ದನ್ನು ನೀವೇಕೆ ಮತ್ತೆ ಸೋಸುತ್ತೀರಿ?’ ಎಂದು ಕೇಳಿದ್ದರು. ಆ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಹೀಗೆ ಬಂದವರಲ್ಲಿ ಇಬ್ಬರು ಈಗ ತಂಡಗಳನ್ನೇ ನಡೆಸುತ್ತಿದ್ದಾರೆ. ಆದ್ದರಿಂದ ಬರೆಯುವ ಧೈರ್ಯ ಬಂದಿದೆ.

ಹೆಸರಾಂತ ಶಾಲೆಗಳ ಪ್ಲೇಸ್‌ಮೆಂಟಿನಲ್ಲಿ (ಕಂಪನಿಗಳು ಶಾಲೆಗೇ ಬಂದು ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುವಲ್ಲಿ), ಒಳ್ಳೆಯವರು ಬೇರೆಡೆ ಹೋಗುವ ಮೊದಲೇ ಸಿಗಲೆಂದು ಮೊದಲ ದಿನದ ಜಾಗ ಗಿಟ್ಟಿಸುವ ಪಾಡು ನಿಮಗೆಲ್ಲ ಗೊತ್ತಿರುವುದೇ. ನಮ್ಮಿಂದ ಆಫರ್ ಪಡೆದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಬರುತ್ತಲೇ ಇರಲಿಲ್ಲ. ಬಂದವರಲ್ಲಿ ಮೂವರಿಗೊಬ್ಬರು 18 ತಿಂಗಳೊಳಗೆ ಬಿಡುತ್ತಿದ್ದರು. ಉಳಿದ ಪ್ರತಿಯೊಬ್ಬರನ್ನು ತರಲು, ನನ್ನ ಲೆಕ್ಕದಲ್ಲಿ, ಅವರ 4 ತಿಂಗಳ ಸಂಬಳದಷ್ಟು ಹಣ ಹೋಗುತ್ತಿತ್ತು.

ರ‍್ಯಾಂಕಿಂಗ್ ಪಟ್ಟಿ ಹಿಡಿದು ವಾದಿಸಿದವರಿಗೆ ನಾನು ತೋರಿಸಿದ್ದು ಎರಡು ಸಂಗತಿಗಳನ್ನು. ಲಂಡನ್ನಿನ ಪತ್ರಿಕೆ ಫೈನಾನ್ಶಿಯಲ್ ಟೈಮ್ಸ್‌ನ ಎಂ.ಬಿ.ಎ. ಪಟ್ಟಿಯಲ್ಲಿ, ಪದವಿ ಮುಗಿಸಿ 3 ವರ್ಷ ಕಳೆದವರ ಸಂಬಳಕ್ಕೆ ದೊಡ್ಡ ತೂಕವಿದೆ. ಅಂದರೆ ನಾವೇ ಹೆಚ್ಚು ಸಂಬಳ ಕೊಟ್ಟು ಮೇಲೇರಿಸಿದ ಶಾಲೆಗೆ, ಅದು ಮೇಲಿದೆ ಎಂಬ ಕಾರಣಕ್ಕೆ ಮತ್ತೆ ಹೆಚ್ಚು ಸಂಬಳ ಕೊಡುತ್ತೇವೆ. ಇನ್ನು ಅಮೆರಿಕದ ಟೆಂಪಲ್ ವಿಶ್ವವಿದ್ಯಾಲಯದ ಫಾಕ್ಸ್ ಬಿಸಿನೆಸ್ ಸ್ಕೂಲು ತನ್ನ ಆನ್‌ಲೈನ್ ಎಂ.ಬಿ.ಎ.ಗೆ ಯು.ಎಸ್. ನ್ಯೂಸ್ ಪಟ್ಟಿಯಲ್ಲಿ ಸತತ 4 ವರ್ಷ ಮೊದಲ ಸ್ಥಾನ ಪಡೆದದ್ದು ಸುಳ್ಳು ಅಂಕಿಅಂಶಗಳಿಂದ. ಅದು 2018ರಲ್ಲಿ ಬಯಲಾಗಿ, 2021ರಲ್ಲಿ ಅದರ ಮಾಜಿ ಡೀನ್ ತಪ್ಪಿತಸ್ಥರೆಂದು ತೀರ್ಪಾಯಿತು.

ಮೊದಲ ಸುತ್ತು ಸಂಪೂರ್ಣ ನೆಲಕಚ್ಚಿತು. ರೆಸ್ಯೂಮೆಯಲ್ಲಿ ಶಾಲೆಯ ಹೆಸರಿಗೆ ಮಸಿ ಬಳಿದೆವು, ಆದರೆ ಇಂಟರ್ನ್‌ಶಿಪ್ ಕೊಟ್ಟ ಕಂಪನಿ, ವಿದ್ಯಾರ್ಥಿ ಕ್ಲಬ್ಬು, ಗೆದ್ದ ಕೇಸ್ ಸ್ಪರ್ಧೆ (ವ್ಯವಹಾರದ ಸಮಸ್ಯೆ ಬಿಡಿಸುವ ಪಂದ್ಯ) ಎಲ್ಲವೂ ಗುಟ್ಟು ಬಿಟ್ಟುಕೊಟ್ಟವು. ಕುತೂಹಲಕ್ಕೆ 40 ರೆಸ್ಯೂಮೆಗಳನ್ನು ಸಹೋದ್ಯೋಗಿಗಳ ಮುಂದಿಟ್ಟು, ಶಾಲೆ ಮೇಲ್ದರ್ಜೆಯದೋ ಅಲ್ಲವೋ ಊಹಿಸಿ ಎಂದೆ. 30ಕ್ಕೂ ಹೆಚ್ಚು ಸರಿಯಾಗಿಯೇ ಹೇಳಿದರು.

ಎರಡನೆಯ ಸುತ್ತಿನಲ್ಲಿ ರೆಸ್ಯೂಮೆಯನ್ನೇ ಬದಿಗಿಟ್ಟು, 4 ಗಂಟೆಯ ಕೆಲಸವೊಂದನ್ನು ಕೊಟ್ಟೆವು. ಸುಮಾರು 90 ಮಂದಿಯಲ್ಲಿ ಮುಗಿಸಿದವರು 30. ಬಿಟ್ಟುಹೋದವರು ಬೇರೆ ಆಫರ್ ಕೈಯಲ್ಲಿದ್ದವರು, ಅಂದರೆ ನಮಗೆ ಬೇಕಾಗಿದ್ದವರೇ. ಮೂರನೆಯ ಸಲ ಅದನ್ನು 70 ನಿಮಿಷಕ್ಕೆ ಇಳಿಸಿ, ಮುಗಿಸಿದವರಿಗೆಲ್ಲ ಅರ್ಧ ದಿನದ ಸಂಬಳದಷ್ಟು ಹಣ ಕೊಟ್ಟೆವು. ಹಣಕಾಸು ಮುಖ್ಯಸ್ಥರ ಮುಖ ಹೇಗಾಗಿರಬಹುದೆಂದು ನೀವೇ ಊಹಿಸಿಕೊಳ್ಳಿ. ಕೊಟ್ಟದ್ದು ಅಸ್ತವ್ಯಸ್ತವಾದ ಮಾರಾಟದ ಲೆಕ್ಕದ ಹಾಳೆ ಮತ್ತು ಸಿಟ್ಟಿಗೆದ್ದ ವಿತರಕನೊಬ್ಬನ ಪತ್ರ. ಹಾಳೆಯೊಳಗೆ ಬೇಕೆಂದೇ ಒಂದು ತಪ್ಪು. ಆ ತಪ್ಪು ಎಲ್ಲಿದೆ, ಸಂದರ್ಶನದಲ್ಲಿ ಅದರ ಬಗ್ಗೆ ಕೇಳುವ ಮೊದಲ ಪ್ರಶ್ನೆ ಯಾವುದು ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಆಯ್ಕೆಯಾದ 11 ಮಂದಿಯ ಶಾಲೆಗಳ ಹೆಸರನ್ನು ಕೊನೆಗೆ ತೆರೆದಾಗ, ನಾಲ್ವರು ಹೆಸರಾಂತ ಶಾಲೆಗಳವರಾಗಿದ್ದರು. ಅರ್ಜಿಗಳಲ್ಲಿ ಅವರ ಪಾಲು ಐದರಲ್ಲೊಂದು ಮಾತ್ರವಿದ್ದುದರಿಂದ, ಹೆಸರಿಗೆ ಬೆಲೆಯೇ ಇಲ್ಲವೆಂಬ ನನ್ನ ಹಟವೂ ಸಡಿಲವಾಯಿತು. ಖರ್ಚು ತಲಾ ಒಂದೂವರೆ ತಿಂಗಳ ಸಂಬಳಕ್ಕೆ ಇಳಿಯಿತು. 2 ವರ್ಷಗಳ ನಂತರವೂ 9 ಮಂದಿ ನಮ್ಮಲ್ಲಿದ್ದರು. ಬಿಟ್ಟ ಇಬ್ಬರಲ್ಲಿ ಒಬ್ಬಾಕೆ, ಇಲ್ಲಿ ಅತ್ಯುತ್ತಮ ಕೆಲಸ ಮಾಡಿದ್ದರೂ, ಹೊರಗಿನ ಶಾರ್ಟ್‌ಲಿಸ್ಟ್‌ಗಳಲ್ಲಿ ಮತ್ತೆ ಶಾಲೆಯ ಹೆಸರಿನಿಂದಲೇ ಹೊರಬೀಳುತ್ತಿದ್ದರು. ಕೊನೆಗೆ ನನ್ನ ಪರಿಚಯದ ಮೂಲಕವೇ ಅವರಿಗೆ ಬೇರೆ ಕೆಲಸ ಸಿಕ್ಕಿತು.

ಒಂದು ವಿಷಯವನ್ನು ಮಾತ್ರ ನಾನು ತಡವಾಗಿ ಗಮನಿಸಿದೆ. ಸಂಬಳ ನಿಗದಿಯಾಗುವಾಗ ಹೆಸರುಗಳು ತೆರೆದೇ ಇದ್ದವು. ಹೆಸರಿಲ್ಲದ ಶಾಲೆಯವರು ತಾವಾಗಿಯೇ ಕಡಿಮೆ ಕೇಳಿದ್ದರು, ನಾವೂ ಸುಮ್ಮನೆ ಒಪ್ಪಿಕೊಂಡಿದ್ದೆವು. ಒಂದೇ ಕೆಲಸಕ್ಕೆ ಸುಮಾರು 15% ಅಂತರ. ಅದನ್ನು ಸರಿಪಡಿಸುವಷ್ಟರಲ್ಲಿ ಉಳಿತಾಯದ ಮೂರನೆಯ ಒಂದು ಭಾಗ ಕರಗಿಹೋಯಿತು, ಮತ್ತು ಆ ಕಡತಕ್ಕೆ ಸಹಿ ಹಾಕಿಸಿಕೊಳ್ಳಲು ಹಣಕಾಸು ಮುಖ್ಯಸ್ಥರ ಬಳಿಗೇ ಹೋಗಬೇಕಾಯಿತು.