ಕೊಂಬು ಮುರಿದ ಮೇಲೆ ಸರಿಹೋದ ಎತ್ತು

ಮೈಸೂರಿನ ಕುವೆಂಪುನಗರದ ನಮ್ಮ ಬಡಾವಣೆಯ ಪಾರ್ಕಿಗೆ ಒಂದು ಶಿಲ್ಪ ಮಾಡಿಕೊಡಿ ಎಂದು ಕೇಳಿದಾಗ ನನಗೆ ಹೊಳೆದದ್ದು ಮಲಗಿದ ಹಳ್ಳಿಕಾರ್ ಎತ್ತು. ಬೆಟ್ಟದಲ್ಲಿ ಅಷ್ಟು ದೊಡ್ಡ ನಂದಿ ಇರೋ ಊರಿಗೆ ಇನ್ನೊಂದು ಯಾಕೆ ಎಂದು ಹೆಂಡತಿ ನಕ್ಕಳು. ಅದರ ಮೇಲೆ ಹತ್ತುವಂತಿಲ್ಲ, ಇದರ ಮೇಲೆ ಹತ್ತಬಹುದು ಅಂದೆ. ಅಂದಿದ್ದೇನೋ ಅಂದೆ, ಮಾಡುವಾಗ ಮರೆತೆ.

ಕಲ್ಲಿಗೆ ದುಡ್ಡಿರಲಿಲ್ಲ. ಸರಳು ಬಗ್ಗಿಸಿ, ಎರಡು ಸುತ್ತು ಚಿಕನ್ ಮೆಶ್ (ತೆಳು ತಂತಿಬಲೆ) ಕಟ್ಟಿ, ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಜರಡಿ ಹಿಡಿದ ಮರಳು ಕಲಸಿ ಮೆತ್ತಿದೆ. ಗೋಣಿಚೀಲ ಹೊದಿಸಿ ನೀರು ಹಾಕಿದೆವು. ಸಿಮೆಂಟಿಗೆ ಪೂರ್ತಿ ಬಲ ಬರಲು ಸುಮಾರು 28 ದಿನ ಬೇಕು. ನಾವು 15ನೇ ದಿನಕ್ಕೇ ಉದ್ಘಾಟನೆ ಇಟ್ಟೆವು.

ಹಳ್ಳಿಕಾರ್ ಎತ್ತಿನ ಅಂದವೆಲ್ಲ ಕೊಂಬಿನಲ್ಲಿ. ಹತ್ತಿರ ಹತ್ತಿರ ಹುಟ್ಟಿ, ಹಿಂದಕ್ಕೆ ಬಾಗಿ, ತುದಿ ಚೂಪು. ಆ ಸೊಬಗಿಗೆ ಸೋತು ಒಂದೊಂದಕ್ಕೆ ಒಂದೇ ಸರಳು ಕೊಟ್ಟು ಗಾಳಿಯಲ್ಲಿ ಎತ್ತಿ ನಿಲ್ಲಿಸಿದ್ದೆ. ಮೂರನೇ ವಾರ ಒಬ್ಬ ಹುಡುಗ ಜೋತುಬಿದ್ದ, ಎಡಗೊಂಬು ಬುಡದಲ್ಲೇ ಸೀಳಿತು. ಪುಣ್ಯಕ್ಕೆ ಹುಡುಗನಿಗೆ ಏನೂ ಆಗಲಿಲ್ಲ. ಬೇಲಿ ಹಾಕಿಸಿ ಅಂದರು. ಬೇಲಿಯೊಳಗಿನ ಎತ್ತು ಯಾರಿಗೆ ಬೇಕು? ಎರಡೂ ಕೊಂಬು ಒಡೆದು, ತುದಿಗಳು ಹಿಂದೆ ಹಿಣಿಲಿಗೆ ಅಂಟುವ ಹಾಗೆ ಮತ್ತೆ ಕಟ್ಟಿದೆ. ಈಗ ಅವು ಮಕ್ಕಳ ಹಿಡಿ. ದಿನಾ ವಾಕಿಂಗ್ ಬರುವ ಗೌಡರೊಬ್ಬರು ಸುತ್ತು ಹಾಕಿ ನೋಡಿ, "ಹಿಂಗಿರೋ ಎತ್ತ ನಾನ್ ಕಂಡಿಲ್ಲ ಸಾರ್. ಮಕ್ಳು ಕಂಡವ್ರೆ, ಬುಡಿ" ಅಂದರು.

ಕಾರ್ಯಕ್ರಮದಲ್ಲಿ ಆದದ್ದು ಬೇರೆ. ಉದ್ಘಾಟನೆಗೆ ವೇದಿಕೆ, ಮೈಕ್‌ಸೆಟ್ ಎಲ್ಲ ಇತ್ತು. ಜನರನ್ನು ಪಶ್ಚಿಮಕ್ಕೆ ಮುಖ ಮಾಡಿ ಕೂರಿಸಿದ್ದೆವು. ಐದೂವರೆ ಬಿಸಿಲು ಕಣ್ಣಿಗೆ ಹೊಡೆದು, ಎಲ್ಲರೂ ಆಹ್ವಾನ ಪತ್ರಿಕೆಯನ್ನು ಹಣೆಗೆ ಅಡ್ಡ ಹಿಡಿದು ಕೂತಿದ್ದರು! ಎದುರು ಮನೆಯಾಕೆ ಬಂದು, ಮಗಳಿಗೆ ನಾಳೆ ಪರೀಕ್ಷೆ ಎಂದು ಗೇಟಿನಲ್ಲಿ ನಿಂತರು. ರಾತ್ರಿ 10ಕ್ಕೆ ನಿಲ್ಲಿಸಿದರೆ ಸಾಕು ಅಂದುಕೊಂಡಿದ್ದೆ. ಮನೆಗಳಿರುವ ಕಡೆ ಹಗಲಲ್ಲೂ 55 ಡೆಸಿಬಲ್ ಮಿತಿ ಇದೆಯೆಂದು ಆಮೇಲೆ ತಿಳಿಯಿತು. ಅದು ಇಬ್ಬರು ಕೂತು ಮಾತಾಡುವಷ್ಟೇ ಸದ್ದು.

ಮುಂದಿನ ಸಲ ವೇದಿಕೆಯೂ ಇಲ್ಲ, ಮೈಕೂ ಇಲ್ಲ. ಜಮಖಾನ ಹಾಸಿ ಜನರನ್ನು ಪೂರ್ವಕ್ಕೆ ತಿರುಗಿಸಿದೆ. ಇಳಿಬಿಸಿಲು ಕಲಾವಿದರ ಮೇಲೆ ಬಿದ್ದು ಲೈಟಿನ ಬಾಡಿಗೆ ಉಳಿಯಿತು. ಬಂದದ್ದು ಕಂಸಾಳೆ ತಂಡ. "ಈ ಇಟ್ಟಿಗೆ ಮೇಲೆ ಮಂಡಿಯೂರಿ ತಿರುಗಾಕಾಯ್ತದಾ ಸ್ವಾಮಿ?" ಎಂದು ಅವರೇ ಪೇವರ್ ಬಿಟ್ಟು ಎತ್ತಿನ ಪಕ್ಕದ ಬರಿಮಣ್ಣಿಗೆ ಹೋದರು. ಜೋಳಿಗೆಗಳನ್ನು ಎತ್ತಿನ ಬೆನ್ನಿಗೆ ಹಾಕಿದರು. ಕಂಸಾಳೆ ಏನೂ ಮೆತ್ತಗಿನ ವಾದ್ಯವಲ್ಲ, ಆದರೆ ಅರ್ಧ ಗಂಟೆಗೆ ಮುಗಿಯಿತು. ಎದುರು ಮನೆಯಾಕೆ ಈ ಸಲ ಒಳಗೇ ಬಂದು ಕೂತಿದ್ದರು. ದಸರಾ ಹತ್ತಿರ ಮಾತ್ರ ನಾವು ಏನೂ ಇಟ್ಟುಕೊಳ್ಳುವುದಿಲ್ಲ. ಊರೆಲ್ಲ ಅರಮನೆ ಕಡೆ ಇರುತ್ತೆ, ಸಾಲದ್ದಕ್ಕೆ ಅಕ್ಟೋಬರ್ ಮಳೆ.

ಈಗ ಎರಡನೇ ಶಿಲ್ಪದ ಮಾತು ನಡೆದಿದೆ. ಏನು ಮಾಡುವುದೋ ಗೊತ್ತಿಲ್ಲ, ಜಾಗ ಮಾತ್ರ ಹುಡುಕುತ್ತಿದ್ದೇನೆ. ಹುಲ್ಲು ಸವೆದು ಎರಡು ಕಾಲುದಾರಿ ಕೂಡುವಲ್ಲಿ ಮರಳಿನ ಮೂಟೆಯೊಂದನ್ನು ಇಟ್ಟು ಎರಡು ವಾರವಾಯಿತು. ನಿನ್ನೆ ಸಂಜೆ ಅದರ ಮೇಲೆ ಇಬ್ಬರು ಅಜ್ಜಿಯರು ಕೂತು ಅವರೆಕಾಯಿ ಬಿಡಿಸುತ್ತಿದ್ದರು.