ಮಿರರ್ ಬಿಟ್ಟು ಸ್ನ್ಯಾಪ್‌ಶಾಟ್ ಹಿಡಿದ ಮೇಲೆ: ನನ್ನ ಅನುಭವ

ಆಜ್ಞೆಗಳನ್ನು ಟೈಪ್ ಮಾಡಿ ಬ್ಯಾಕಪ್ ಇಡುವುದು ಚಿತ್ರ ಬರೆಯುವವರಿಗೆ ಒಗ್ಗುವ ಕೆಲಸವಲ್ಲ ಎಂದು ಗೆಳೆಯರು ನಕ್ಕಿದ್ದರು. ಕಳೆದ ತಿಂಗಳು ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಕೈಕೊಟ್ಟಾಗ ಸುಮಾರು 380 ಜಿಬಿ ಕೆಲಸ ಒಂದೇ ಹಗಲಿನಲ್ಲಿ ಮರಳಿ ಬಂದಿತು; ಈಗ ಅವರೇ ಆಜ್ಞೆಗಳನ್ನು ಬರೆದಿಟ್ಟ ನನ್ನ ಸ್ಕ್ರಿಪ್ಟ್ ಕೇಳುತ್ತಿದ್ದಾರೆ.

ಮೊದಲು ನಾನು ನಂಬಿದ್ದು ಕಡತಗಳನ್ನು ಬೇರೆಡೆಗೆ ನಕಲಿಸುವ ಆರ್‌ಸಿಂಕ್ ಅನ್ನು, ಅದೂ ಮೂಲದಲ್ಲಿ ಇಲ್ಲದ್ದನ್ನು ಪ್ರತಿಯಿಂದಲೂ ಅಳಿಸಿ ಕನ್ನಡಿಯಂತೆ (ಮಿರರ್) ಇಡುವ ಡಿಲೀಟ್ ಆಯ್ಕೆಯೊಂದಿಗೆ. ಒಂದು ಸಂಜೆ ಕೈತಪ್ಪಿ ಅಳಿಸಿದ ಫೋಲ್ಡರನ್ನು, ರಾತ್ರಿ ಎರಡು ಗಂಟೆಗೆ ತಾನಾಗಿ ಓಡುವ ಸ್ಕ್ರಿಪ್ಟ್ ಎಕ್ಸ್‌ಟರ್ನಲ್ ಡಿಸ್ಕಿನಿಂದಲೂ ನಿಷ್ಠೆಯಿಂದ ಅಳಿಸಿಹಾಕಿತು. ಕಳೆದುಹೋದ ಕಡತಗಳನ್ನು ಹುಡುಕಿಕೊಡುವವರು ಮೂರು ಹೊಸ ಡಿಸ್ಕುಗಳ ಬೆಲೆಯನ್ನು ವಸೂಲು ಮಾಡಿ, ಅರ್ಧದಷ್ಟನ್ನು ಮಾತ್ರ, ಅದೂ ಹೆಸರುಗಳಿಲ್ಲದೆ, ಹಿಂದಿರುಗಿಸಿದರು. ಸಾಧನಗಳ ನಡುವೆ ಕಡತಗಳನ್ನು ಒಂದೇ ರೀತಿ ಇಡುವ ಸಿಂಕ್‌ಥಿಂಗ್ ಹಾಕಿ ನೋಡಿದೆ. ಹಳೆಯ ಆವೃತ್ತಿಗಳನ್ನು ಉಳಿಸುವ ಫೈಲ್ ವರ್ಷನಿಂಗ್ ಅನ್ನು ನಾವೇ ಚಾಲೂ ಮಾಡದಿದ್ದರೆ ಅದೂ ಅದೇ ಜಾತಿಯದು.

ಕೊನೆಗೆ ನೆಲೆನಿಂತದ್ದು ಆಯಾ ಹೊತ್ತಿನ ಕಡತಗಳ ಸ್ಥಿತಿಯನ್ನು ಸ್ನ್ಯಾಪ್‌ಶಾಟ್ ಆಗಿ ಉಳಿಸುವ ಬ್ಯಾಕಪ್ ತಂತ್ರಾಂಶ ರೆಸ್ಟಿಕ್‌ನಲ್ಲಿ: ಎರಡು ಡಿಸ್ಕು, ಜೊತೆಗೆ ಕ್ಲೌಡಿಗೆ ಕಡತ ಕಳಿಸುವ ಆರ್‌ಕ್ಲೋನ್ ಮೂಲಕ ಒಂದು ಕ್ಲೌಡ್ ಪ್ರತಿ. ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ರೆಸ್ಟಿಕ್ ತಾನೇ ಎನ್‌ಕ್ರಿಪ್ಟ್ ಮಾಡುವುದರಿಂದ ಅದೇ ಕೆಲಸದ ಆರ್‌ಕ್ಲೋನ್‌ನ ಕ್ರಿಪ್ಟ್ ಬೇಕಾಗಲಿಲ್ಲ. ಮೊದಲ ಪ್ರತಿಗೆ ಒಂದಿಡೀ ರಾತ್ರಿ ಹಿಡಿಯಿತು, ಈಗ ದಿನಕ್ಕೆ ಐದಾರು ನಿಮಿಷ ಸಾಕು. ದಿನದ 7, ವಾರದ 4, ತಿಂಗಳಿನ 12 ಸ್ನ್ಯಾಪ್‌ಶಾಟ್ ಉಳಿಸಿಕೊಳ್ಳುತ್ತೇನೆ. ಆದರೆ ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ಪಟ್ಟಿಯಿಂದ ತೆಗೆಯುವ ಫರ್ಗೆಟ್ ಆಜ್ಞೆ ಕೊಟ್ಟರೂ, ಬೇಡದ ದತ್ತಾಂಶವನ್ನು ಅಳಿಸುವ ಪ್ರೂನ್ ಕೊಡದೆ ಜಾಗ ತೆರವಾಗುವುದಿಲ್ಲ ಎಂಬುದನ್ನು ಅರಿಯದೆ, ಡಿಸ್ಕ್ ಏಕೆ ತುಂಬುತ್ತಿದೆಯೆಂದು ಎರಡು ತಿಂಗಳು ತಲೆ ಕೆರೆದುಕೊಂಡು ಬೇಡದ ಡಿಸ್ಕೊಂದನ್ನು ಕೊಂಡೆ. ಮೊದಲ ರೆಪಾಸಿಟರಿಯ (ರೆಸ್ಟಿಕ್ ಬ್ಯಾಕಪ್ ಇಡುವ ಸಂಗ್ರಹ) ಪಾಸ್‌ವರ್ಡ್ ಮರೆತು ಅದನ್ನು ಹಾಗೆಯೇ ಎಸೆದದ್ದೂ ಉಂಟು, ಏಕೆಂದರೆ ಅದಕ್ಕೆ ಹಿಂಬಾಗಿಲು ಇಲ್ಲ. ಈಗ ಪಾಸ್‌ವರ್ಡ್ ಮೂರು ಕಡೆ ಇದೆ. ಎಲ್ಲಿ, ಹೇಗೆ ಎಂಬುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಕೆಟ್ಟ ಕಡತಗಳನ್ನು ಸರಿಪಡಿಸಲು ಹೆಚ್ಚುವರಿ ದತ್ತಾಂಶ ಇಡುವ ಪಾರ್2 ಅನ್ನೂ ಪರೀಕ್ಷಿಸಿದೆ. ಶೇ. 10ರಷ್ಟು ರಿಕವರಿ ದತ್ತಾಂಶ ಸೃಷ್ಟಿಸಿ, ಕಡತದ ಬೈಟುಗಳನ್ನು ನೇರವಾಗಿ ತಿದ್ದುವ ಹೆಕ್ಸ್ ಎಡಿಟರಿನಲ್ಲಿ ಒಂದು ಟಿಫ್ ಚಿತ್ರ ಕಡತದ ಒಂದಷ್ಟು ಬೈಟುಗಳನ್ನು ಬೇಕೆಂದೇ ಕೆಡಿಸಿದೆ. ಪಾರ್2 ಸರಿಪಡಿಸಿದ ಕಡತದ ಎಸ್‌ಎಚ್‌ಎ-256 ಮೊತ್ತ (ಕಡತದ ಬೆರಳಚ್ಚಿನಂಥ ಸಂಕೇತ) ಮೂಲದ್ದರೊಂದಿಗೆ ಅಕ್ಷರಕ್ಕೆ ಅಕ್ಷರ ಹೊಂದಿತು. ಮುಗಿದ ಕೃತಿಗಳಿಗೆ ಮಾತ್ರ ಇದನ್ನು ಬಳಸುತ್ತೇನೆ, ದಿನವೂ ಬದಲಾಗುವ ಕಡತಗಳಿಗೆ ಇದು ದಂಡ.

ಕಳೆದ ತಿಂಗಳ ಗೆಲುವಿನಲ್ಲೂ ಒಂದು ಕೊರತೆಯಿತ್ತು. ಚಿತ್ರಗಳೆಲ್ಲ ಪದರಗಳ ಸಮೇತ ತೆರೆದುಕೊಂಡವು, ಆದರೆ ನಾನು ಚಿತ್ರ ಬರೆಯುವ ತಂತ್ರಾಂಶ ಕ್ರೀಟಾದ ಬ್ರಷ್ ಪಟ್ಟಿಯಲ್ಲಿ ನಾನೇ ಮಾಡಿಕೊಂಡಿದ್ದ ನಲವತ್ತು ಚಿಲ್ಲರೆ ಬ್ರಷ್‌ಗಳಲ್ಲಿ ಒಂದೂ ಇರಲಿಲ್ಲ. ಅವು ಇರುವ ರಿಸೋರ್ಸ್ ಫೋಲ್ಡರನ್ನು ಬ್ಯಾಕಪ್‌ಗೆ ಸೇರಿಸಿಯೇ ಇರಲಿಲ್ಲ. ಈಗ ಸೇರಿಸಿದ್ದೇನೆ, ಬ್ರಷ್‌ಗಳನ್ನು ಒಂದೊಂದಾಗಿ ಮತ್ತೆ ಮಾಡುತ್ತಿದ್ದೇನೆ.